ಸೆಕೆಯ ಬಿಲ್ಲು

ಮನೆಯೊಳಗಿನ ಯಂತ್ರಗಳಲ್ಲಿ ಕೆಟ್ಟು ನಿಲ್ಲುವುದಕ್ಕೆ ಕಾಲ ನೋಡಿ ಕಾಯುವಂಥದ್ದು ಯಾವುದಾದರೂ ಇದ್ದರೆ ಅದು ಎ.ಸಿ. ಎಂಬುದನ್ನು ಸೆಕೆಯ ಊರುಗಳಲ್ಲಿ ಬಾಳುವವರೆಲ್ಲ ಒಪ್ಪುತ್ತಾರೆ. ಮೋಡ ಕಟ್ಟಿಯೂ ಮಳೆ ಬಾರದೆ, ಹರವಿದ ಬಟ್ಟೆ ಸಂಜೆಯಾದರೂ ಒಣಗದೆ, ಕುಳಿತಲ್ಲಿಯೇ ಬೆನ್ನ ಮೇಲೆ ಬೆವರಿಳಿಯುವ ದಿನವನ್ನೇ ಅದು ಆರಿಸಿಕೊಳ್ಳುತ್ತದೆ. ಇದನ್ನು ಯಂತ್ರದ ಹಟಮಾರಿತನವೆಂದು ಬೈಯುವವರಿದ್ದಾರೆ; ಆದರೆ ಪಾಪ, ತಪ್ಪು ಅದರದ್ದಲ್ಲ. ಕೋಣೆಯ ಶಾಖವನ್ನು ಹೊರಗೊಯ್ದು ಚೆಲ್ಲುವುದೇ ಅದರ ಕಸುಬಾಗಿರುವುದರಿಂದ, ಹೊರಗಿನ ಗಾಳಿ ಕಾದಷ್ಟೂ ಆ ಚೆಲ್ಲುವ ಕೆಲಸ ಕಠಿಣವಾಗುತ್ತದೆ, ಒಳಗಿನ ಗ್ಯಾಸನ್ನು ಒತ್ತಿ ಓಡಿಸುವ ಕಂಪ್ರೆಸರ್‌ನ ಒತ್ತಡ ಏರುತ್ತದೆ, ಕರೆಂಟು ಹೆಚ್ಚು ಎಳೆಯುತ್ತದೆ, ಮತ್ತು ತಿಂಗಳುಗಟ್ಟಲೆ ಹೇಗೋ ಜೀವ ಹಿಡಿದುಕೊಂಡಿದ್ದ ದುರ್ಬಲ ಭಾಗವೊಂದು ಆ ದಿನ ಕೈಕೊಡುತ್ತದೆ. ಅಕ್ಕಪಕ್ಕದ ಮನೆಗಳಲ್ಲಿಯೂ ಅಂದೇ ಹೀಗಾಗುವುದರಿಂದ ಮೆಕ್ಯಾನಿಕ್ಕು ದರ್ಶನ ದುರ್ಲಭನಾಗುತ್ತಾನೆ. ಬೆವರು ಒರೆಸಿಕೊಳ್ಳುತ್ತಾ ಚೌಕಾಸಿ ಮಾಡಿ ಗೆದ್ದವರನ್ನು ನಾನಂತೂ ಕಂಡಿಲ್ಲ.

ಬಿಲ್ಲು ಕೈಗೆ ಬಂದಾಗ ನಾವೆಲ್ಲ ದೂರುವುದು ಬಿಸಿಲನ್ನು. ನಿಜವಾದ ಅಪರಾಧಿ ತೇವ. ಈ ಯಂತ್ರದ ಹುಟ್ಟೇ ತೇವದ ಜಗಳದಿಂದ ಆದದ್ದು. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಮುದ್ರಣಾಲಯವೊಂದರಲ್ಲಿ, ಗಾಳಿಯ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ, ಒಂದರ ಮೇಲೊಂದು ಅಚ್ಚಾಗಬೇಕಾದ ಬಣ್ಣಗಳು ಪಕ್ಕಕ್ಕೆ ಸರಿದು ಕೂರುತ್ತಿದ್ದವು. ಆ ಕಾಗದದ ಸಂಕಟವನ್ನು ನೀಗಲೆಂದು ವಿಲ್ಲಿಸ್ ಕ್ಯಾರಿಯರ್ ಎಂಬ ತರುಣ ಎಂಜಿನಿಯರ್ ತಣ್ಣನೆಯ ಕೊಳವೆಗಳ ಮೇಲೆ ಗಾಳಿ ಹಾಯಿಸಿ ಅದರ ನೀರನ್ನು ಇಳಿಸುವ ಏರ್ಪಾಡನ್ನು ರೂಪಿಸಿದ. ಮನುಷ್ಯರ ಸುಖ ಆಮೇಲೆ ಬಂದ ಲಾಭ. ಇಂದಿಗೂ ಸೆಕೆಯ ಊರಿನ ಎ.ಸಿ. ಮೊದಲು ಗಾಳಿಯನ್ನು ಹಿಂಡಬೇಕು. ಒಂದು ಟನ್ನಿನ ಯಂತ್ರದ ತಂಪು ಮಾಡುವ ಬಲ ಸುಮಾರು 3.5 ಕಿಲೋವ್ಯಾಟ್; ಅದು ಗಂಟೆಗೆ ಒಂದೂವರೆ ಲೀಟರ್ ನೀರನ್ನು ಗಾಳಿಯಿಂದ ಇಳಿಸುತ್ತಿದ್ದರೆ, ಆ ಆವಿಯನ್ನು ನೀರಾಗಿಸುವುದಕ್ಕೇ ಸರಿಸುಮಾರು ಒಂದು ಕಿಲೋವ್ಯಾಟ್ ಹೋಗುತ್ತದೆ. ಅಂದರೆ ನಾವು ತಂಪಿಗೆಂದು ಕೊಟ್ಟ ಹಣದಲ್ಲಿ ಕಾಲುಭಾಗಕ್ಕೂ ಹೆಚ್ಚು, ಪೈಪಿನ ತುದಿಯಿಂದ ತೊಟ್ಟಿಕ್ಕಿ ಚರಂಡಿ ಸೇರುತ್ತದೆ.

ಚರಂಡಿ ಸೇರಿದರೆ ಪುಣ್ಯ. ಕತ್ತಲೆ, ತಂಪು, ನೀರು, ಮೇಲಿಷ್ಟು ಧೂಳು: ಬ್ಯಾಕ್ಟೀರಿಯಕ್ಕೂ ಬೂಸಿಗೂ ಇದಕ್ಕಿಂತ ಒಳ್ಳೆಯ ವಸತಿ ಬೇಕೆ? ಡ್ರೈನ್ ಪೈಪಿನೊಳಗೆ ಲೋಳೆ ಬೆಳೆದು ದಾರಿ ಮುಚ್ಚಿದ ದಿನ ನೀರು ಗೋಡೆಯ ಮೇಲೆ ನಕ್ಷೆ ಬರೆಯುತ್ತಾ ಇಳಿಯುತ್ತದೆ. ರಿಪೇರಿಗಳಲ್ಲೆಲ್ಲ ಅಗ್ಗವಾದದ್ದು ಇದೇ, ಮನೆಯಲ್ಲಿ ಗದ್ದಲ ಹೆಚ್ಚು ಎಬ್ಬಿಸುವುದೂ ಇದೇ. ಇನ್ನು ಫಿಲ್ಟರಿನ ಧೂಳು ತೇವವುಂಡು ಕಂಬಳಿಯಂತೆ ದಪ್ಪವಾದರೆ ಗಾಳಿಯನ್ನು ತಣಿಸುವ ಕೊಳವೆಸುರುಳಿಯಾದ ಕಾಯಿಲ್‌ಗೆ ಗಾಳಿ ಸಿಗದೆ ಅದರ ಮೇಲೆ ಮಂಜುಗಡ್ಡೆ ಕಟ್ಟುತ್ತದೆ. ಯಂತ್ರದ ಹೊಟ್ಟೆಯೊಳಗೆ ಹಿಮಾಲಯ, ಕೋಣೆಯಲ್ಲಿ ಬೇಗೆ. ಫಿಲ್ಟರನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯುವುದು ಯಾರಿಗೂ ತಿಳಿಯದ ವಿದ್ಯೆಯೇನಲ್ಲ, ಆದರೂ ಅದಕ್ಕಾಗಿಯೇ ಮೆಕ್ಯಾನಿಕ್ಕನ್ನು ಕರೆಸಿ ಸರ್ವಿಸ್ ಚಾರ್ಜು ಕೊಡುವ ಮನೆಗಳು ಎಷ್ಟೋ ಇವೆ. ಅದನ್ನು ಸೋಮಾರಿತನದ ತೆರಿಗೆ ಎನ್ನದೆ ವಿಧಿಯಿಲ್ಲ.

ಬಿಲ್ಲಿನಲ್ಲಿ ನನಗೆ ಅತಿ ಹೆಚ್ಚು ಕೋಪ ಬರಿಸುವ ಸಾಲು 'ಗ್ಯಾಸ್ ಫಿಲ್ಲಿಂಗ್' ಎಂಬುದು. ವಾಹನಕ್ಕೆ ಪೆಟ್ರೋಲಿನಂತೆ ಎ.ಸಿ.ಗೂ ವರ್ಷಕ್ಕೊಮ್ಮೆ ಗ್ಯಾಸು ಕುಡಿಸಬೇಕೆಂಬ ನಂಬಿಕೆ ಅದು ಹೇಗೋ ಜನರಲ್ಲಿ ಬೇರೂರಿಬಿಟ್ಟಿದೆ. ಆ ಗ್ಯಾಸು ಉರಿದು ಮುಗಿಯುವ ವಸ್ತುವಲ್ಲ. ಮುಚ್ಚಿದ ಕೊಳವೆಯಲ್ಲಿ ದ್ರವವಾಗಿ, ಆವಿಯಾಗಿ, ಮತ್ತೆ ದ್ರವವಾಗಿ ಯಂತ್ರದ ಆಯುಸ್ಸಿನುದ್ದಕ್ಕೂ ಸುತ್ತುತ್ತಿರಬೇಕಾದದ್ದು. ಅದು ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರುವ ಜಾಗ ಹುಡುಕದೆ ಬರೇ ಗ್ಯಾಸು ತುಂಬಿಸಿದರೆ, ಯಂತ್ರ ಕೆಲವು ದಿನ ಚೆನ್ನಾಗಿಯೇ ನಡೆದು, ನಮ್ಮ ನೆನಪಿನಿಂದ ಬಿಲ್ಲು ಮಾಸುವ ಹೊತ್ತಿಗೆ ಸರಿಯಾಗಿ ಮತ್ತೆ ಬಿಸಿಗಾಳಿ ಊದತೊಡಗುತ್ತದೆ.

ಈ ಸೋರಿಕೆಯ ಹಿಂದೆಯೂ ಹಲವು ಸಲ ತೇವದ ಕೈವಾಡವಿರುತ್ತದೆ. ಪ್ಲೈವುಡ್ಡಿನ ಅಂಟು, ನೆಲ ಒರೆಸುವ ದ್ರವ ಮುಂತಾದ ಮನೆಬಳಕೆಯ ವಸ್ತುಗಳಿಂದ ಫಾರ್ಮಿಕ್, ಅಸಿಟಿಕ್‌ನಂಥ ಆಮ್ಲಗಳ ಆವಿ ಗಾಳಿಗೆ ಸೇರಿ, ಕಾಯಿಲ್‌ನ ಒದ್ದೆ ತಾಮ್ರದ ಮೇಲೆ ಕೂತು, ಕಣ್ಣಿಗೆ ಕಾಣದಷ್ಟು ಸಣ್ಣ ಸುರಂಗಗಳನ್ನು ಕೊರೆಯುತ್ತವೆ. ಕೊಳವೆಯನ್ನು ಸೀಳಿ ಸೂಕ್ಷ್ಮದರ್ಶಕದಲ್ಲಿಟ್ಟರೆ ಆ ಸುರಂಗಗಳು ಇರುವೆಗೂಡಿನ ಹಾದಿಗಳಂತೆ ಕವಲೊಡೆದಿರುತ್ತವೆ. ಇಂಗ್ಲಿಷಿನಲ್ಲಿ ಈ ಸವೆತಕ್ಕೆ ಇರುವೆಗೂಡಿನ ಹೆಸರನ್ನೇ ಇಟ್ಟಿದ್ದಾರೆ. ಕಡಲ ಪಕ್ಕದ ಮನೆಯಾದರೆ ಹೊರಗಿನ ಯೂನಿಟ್ಟಿನ ಅಲ್ಯುಮಿನಿಯಂ ರೆಕ್ಕೆಗಳನ್ನು ಉಪ್ಪುಗಾಳಿ ತಿನ್ನುತ್ತದೆ, ಬೆರಳು ತಾಗಿಸಿದರೆ ಬಿಳಿಯ ಹಿಟ್ಟಾಗಿ ಉದುರುವಷ್ಟು. ಕಸುಬು ಬಲ್ಲ ಮೆಕ್ಯಾನಿಕ್ಕು ಮಾಡುವ ಕೆಲಸವನ್ನು ಹತ್ತಿರ ನಿಂತು ನೋಡಬೇಕು. ಕೊಳವೆಗೆ ನೈಟ್ರೋಜನ್ ತುಂಬಿ ಒತ್ತಡ ಏರಿಸಿ, ಸಾಬೂನಿನ ನೊರೆಯನ್ನು ಪ್ರತಿ ಬೆಸುಗೆಯ ಮೇಲೂ, ಪ್ರತಿ ನಟ್ಟಿನ ಸುತ್ತಲೂ ಬ್ರಷ್ಷಿನಿಂದ ಸವರುತ್ತಾ ಹೋಗುತ್ತಾನೆ. ಎಲ್ಲೋ ಒಂದೆಡೆ ಸಾಸಿವೆಯಷ್ಟು ಗುಳ್ಳೆ ಏಳುತ್ತದೆ, ಒಡೆಯುತ್ತದೆ, ಅದೇ ಜಾಗದಲ್ಲಿ ಮತ್ತೊಂದು ಏಳುತ್ತದೆ. ಆಮೇಲೆ ಬೆಸುಗೆ, ಆಮೇಲೆ ಕೊಳವೆಯೊಳಗಿನ ಗಾಳಿಯನ್ನೂ ತೇವವನ್ನೂ ವ್ಯಾಕ್ಯೂಮ್ ಪಂಪಿನಿಂದ ಹೀರಿ ತೆಗೆಯುವುದು. ಅವಸರದವರು ನುಂಗಿಹಾಕುವ ಹಂತ ಈ ಕೊನೆಯದೇ. ಒಳಗೆ ಉಳಿದ ತೇವ ಕಂಪ್ರೆಸರ್‌ನ ಎಣ್ಣೆಯೊಡನೆ ಸೇರಿ ಆಮ್ಲವಾಗಿ, ಮುಂದಿನ ದೊಡ್ಡ ಬಿಲ್ಲಿಗೆ ಇಂದೇ ಬೀಜ ಬಿತ್ತುತ್ತದೆ. ಪಂಪು ಗೊರಗುಡುತ್ತಾ ನಡೆಯುವ ಆ ಹೊತ್ತಿನಲ್ಲಿ ಮೆಕ್ಯಾನಿಕ್ಕು ಸುಮ್ಮನೆ ಕುಳಿತಿರುತ್ತಾನೆ. ಮನೆಯವರಿಗೆ ಅದನ್ನು ನೋಡಿ ಹೊಟ್ಟೆ ಉರಿಯುತ್ತದೆ. ಹಾಗೆ ಕುಳಿತವನಿಗೆ ಕೊಟ್ಟ ಕೂಲಿಗೆ ಮಾತ್ರ ನನ್ನ ತಕರಾರಿಲ್ಲ.

ಕೆಪಾಸಿಟರ್‌ನ ಕಥೆ ಬೇರೆ. ಕಂಪ್ರೆಸರ್‌ಗೂ ಫ್ಯಾನಿಗೂ ಎದ್ದು ನಿಲ್ಲಲು ಆಸರೆ ಕೊಡುವ ಈ ಪುಟ್ಟ ಡಬ್ಬಿ, ಬಿಸಿ ತಾಳಲಾರದೆ ನೆತ್ತಿ ಉಬ್ಬಿಸಿಕೊಂಡು ಸತ್ತುಬಿದ್ದಿರುತ್ತದೆ. ಹಳೆಯದನ್ನು ಕಳಚಿ ಹೊಸದನ್ನು ಸಿಕ್ಕಿಸುವುದು ಕಣ್ಣೆದುರೇ ಕ್ಷಣದಲ್ಲಿ ಮುಗಿದುಹೋಗುವುದರಿಂದ, ಭಾಗದ ಬೆಲೆಗಿಂತ ಕೂಲಿ ಜಾಸ್ತಿಯಾಯಿತೆಂದು ಯಜಮಾನರು ಮುಖ ಗಂಟಿಕ್ಕುತ್ತಾರೆ. ಕರೆಂಟು ತೆಗೆದ ಮೇಲೂ ಅದರೊಳಗೆ ಹೊಡೆತ ಉಳಿದಿರುತ್ತದೆಂಬುದು, ಕೈ ಹಾಕುವ ಮುನ್ನ ಅದನ್ನು ಬರಿದು ಮಾಡಬೇಕೆಂಬುದು ಮೆಕ್ಯಾನಿಕ್ಕಿಗೆ ಗೊತ್ತು. ಸತ್ತದ್ದು ಕಂಪ್ರೆಸರ್ ಅಲ್ಲ, ಬರೀ ಕೆಪಾಸಿಟರ್ ಎಂದು ಪ್ರಾಮಾಣಿಕವಾಗಿ ಹೇಳಿದ್ದಕ್ಕೇ ಅವನಿಗೆ ಇನ್ನಷ್ಟು ಕೊಡಬಹುದು.

ಗ್ಯಾಸಿನ ಬೆಲೆಯಲ್ಲಿ ಪ್ರಪಂಚದ ರಾಜಕಾರಣವೂ ಸೇರಿದೆ. ಓಜೋನ್ ಪದರವನ್ನು ಉಳಿಸಲೆಂದು 1987ರಲ್ಲಿ ಆದ ಮಾಂಟ್ರಿಯಲ್ ಒಪ್ಪಂದದ ಹಾದಿಯಲ್ಲಿ, ಹಳೆಯ ಯಂತ್ರಗಳ ಆರ್-22 ಗ್ಯಾಸನ್ನು ಶ್ರೀಮಂತ ದೇಶಗಳು 2020ರ ಹೊತ್ತಿಗೆ ಬಹುಮಟ್ಟಿಗೆ ಕೈಬಿಟ್ಟವು. ಉಳಿದವಕ್ಕೆ 2030ರ ಗಡುವು. ಅದರ ಜಾಗಕ್ಕೆ ಬಂದ ಆರ್-410ಎ ಹೆಚ್ಚು ಒತ್ತಡದಲ್ಲಿ ಓಡುವುದರಿಂದ ಹಳೆಯ ಯಂತ್ರಕ್ಕೆ ಒಗ್ಗುವುದಿಲ್ಲ, ಮತ್ತು ಭೂಮಿಯನ್ನು ಕಾಯಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಎರಡು ಸಾವಿರ ಪಟ್ಟು ಪ್ರಬಲವಾದ್ದರಿಂದ ಅದಕ್ಕೂ ಈಗ ಹೊರಡುವ ಕಾಲ ಬಂದಿದೆ. ಹೀಗಾಗಿ ಮುದಿ ಯಂತ್ರದ ತಾಮ್ರದಲ್ಲಿ ತೂತು ಬಿದ್ದರೆ, ತೂತು ಮುಚ್ಚುವುದಕ್ಕಿಂತ ಒಳಗೆ ತುಂಬುವುದೇ ದುಬಾರಿಯಾಗುವುದುಂಟು.

ಕಂಪ್ರೆಸರ್ ಹೋಯಿತೆಂದರೆ ಮಾತ್ರ ಮನೆಯಲ್ಲಿ ಸಭೆ ಸೇರಬೇಕಾಗುತ್ತದೆ. ರಿಪೇರಿಯೋ, ಹೊಸದೋ ಎಂದು ಮೆಕ್ಯಾನಿಕ್ಕು ಕೇಳಿ, ಉತ್ತರಕ್ಕಾಗಿ ಬಾಗಿಲಲ್ಲಿ ನಿಂತಿರುತ್ತಾನೆ. ಆಗ ಯಾರಿಗಾದರೂ ವಾರಂಟಿ ಕಾಗದದ ನೆನಪಾಗುತ್ತದೆ. ಮಿಕ್ಕ ಭಾಗಗಳಿಗಿಂತ ಕಂಪ್ರೆಸರ್‌ಗೆ ಹೆಚ್ಚು ವರ್ಷಗಳ ವಾರಂಟಿ ಇರುವುದು ಸಾಮಾನ್ಯ. ಗ್ಯಾಸು, ಕೂಲಿ ಅದರಲ್ಲಿ ಸೇರಿಲ್ಲವೆಂದು ಸಣ್ಣ ಅಕ್ಷರದಲ್ಲಿ ಬರೆದಿರುವುದೂ ಅಷ್ಟೇ ಸಾಮಾನ್ಯ. ಆ ಅಕ್ಷರಗಳನ್ನು ಓದಲು ಕನ್ನಡಕ ಬೇಕು, ಕನ್ನಡಕ ಜಾರದಿರಲು ಮೂಗಿನ ಮೇಲೆ ಬೆವರಿರಬಾರದು, ಬೆವರು ನಿಲ್ಲಬೇಕಾದರೆ ಎ.ಸಿ. ನಡೆಯಬೇಕು.