ಸ್ಪ್ಲಿಟ್‌ನಿಂದ ಡುಬ್ರೊವ್ನಿಕ್‌ಗೆ: ಹಳೆಯ ಕಡಲ ದಾರಿಯ ಪರವಾಗಿ

ಕ್ರೊಯೇಷಿಯಾದ ಸ್ಪ್ಲಿಟ್ ಮತ್ತು ಡುಬ್ರೊವ್ನಿಕ್ ಊರುಗಳ ಹೆಸರನ್ನು ಫೋನಿನ ಮ್ಯಾಪಿಗೆ ಹಾಕಿದರೆ ಅದು ಸಾಮಾನ್ಯವಾಗಿ ಮೊದಲು ತೋರಿಸುವುದು ಎ1 ಎಂಬ ಎಕ್ಸ್‌ಪ್ರೆಸ್‌ವೇಯನ್ನು. ರಸ್ತೆಯ ಮೇಲೆ ನನ್ನ ದೂರೇನೂ ಇಲ್ಲ. ಅಗಲವಾಗಿದೆ, ಅಚ್ಚುಕಟ್ಟಾಗಿದೆ, ಪ್ಲೋಚೆ ಎಂಬ ಬಂದರು ಪಟ್ಟಣದ ಹತ್ತಿರದವರೆಗೆ ಬೇಗನೆ ತಲುಪಿಸುತ್ತದೆ. ಆದರೆ ಅದು ಬೆಟ್ಟಸಾಲಿನ ಹಿಂಬದಿಯಲ್ಲಿ ಸಾಗುವುದರಿಂದ ಈ ಪ್ರಯಾಣದ ಅತ್ಯಂತ ಸುಂದರವಾದ ಭಾಗದಲ್ಲಿ ಸಮುದ್ರವೇ ಕಾಣುವುದಿಲ್ಲ. ಇದರಿಂದ ಉಳಿಯುವುದು ಸುಮಾರು ಒಂದು ಗಂಟೆ. ಮೆಡಿಟರೇನಿಯನ್ನಿನ ಈ ತೋಳನ್ನು, ಅಂದರೆ ಆಡ್ರಿಯಾಟಿಕ್ ಕಡಲನ್ನು ನೋಡಲೆಂದೇ ಬೆಂಗಳೂರಿನಿಂದ ಹೊರಟು, ನಡುವೆ ವಿಮಾನ ಬದಲಿಸಿ ಅಲ್ಲಿಗೆ ತಲುಪಿದವರು ಆ ಒಂದು ಗಂಟೆಯನ್ನು ಉಳಿಸಿ ಏನು ಮಾಡುತ್ತಾರೆ ಎಂಬುದು ನನಗೆ ಬಗೆಹರಿದಿಲ್ಲ.

ಹಳೆಯ ದಾರಿಯ ಸಂಖ್ಯೆ ಡಿ8. ಯುಗೊಸ್ಲಾವಿಯಾ ಒಂದೇ ದೇಶವಾಗಿದ್ದ ಕಾಲದಲ್ಲಿ, ಬಹುಪಾಲು 1950 ಮತ್ತು 60ರ ದಶಕಗಳಲ್ಲಿ, ಕಡಲತೀರದ ಉದ್ದಕ್ಕೂ ಕಟ್ಟಿದ ಈ ರಸ್ತೆಯನ್ನು ಅಲ್ಲಿನವರು ಯಾದ್ರಾನ್ಸ್ಕಾ ಮಾಗಿಸ್ತ್ರಾಲಾ, ಅಂದರೆ ಆಡ್ರಿಯಾಟಿಕ್ ಹೆದ್ದಾರಿ, ಎಂದು ಕರೆಯುತ್ತಾರೆ. ಸ್ಪ್ಲಿಟ್‌ನಿಂದ ಡುಬ್ರೊವ್ನಿಕ್‌ಗೆ ಇದರಲ್ಲಿ ಸುಮಾರು 230 ಕಿಲೋಮೀಟರ್. ಎಲ್ಲಿಯೂ ನಿಲ್ಲದೆ ಹೋದರೂ ನಾಲ್ಕು ಗಂಟೆ ಹಿಡಿಯುತ್ತದೆ. ಟೋಲ್ ಇಲ್ಲ. ಹೆಚ್ಚಿನ ಕಡೆ ಹೋಗಲೊಂದು, ಬರಲೊಂದು ಪಥ ಮಾತ್ರ. ನಮ್ಮ ಮರವಂತೆಯಲ್ಲಿ ಕಡಲಿನ ಮಟ್ಟಕ್ಕೇ ಕಾರು ಓಡಿಸಿದವರು ಇಲ್ಲಿಯೂ ಅಂಥದ್ದನ್ನೇ ನಿರೀಕ್ಷಿಸಬಾರದು. ಇಲ್ಲಿ ಒಂದು ಬದಿಗೆ ಸುಣ್ಣಕಲ್ಲಿನ ಬೋಳು ಬೆಟ್ಟ, ಇನ್ನೊಂದು ಬದಿಗೆ ಆಳದಲ್ಲಿ ನೀರು, ನಡುವಿನ ಕಡಿದಾದ ಇಳಿಜಾರನ್ನು ಕೊರೆದು ಮಾಡಿದ ರಸ್ತೆ. ತಿರುವು ಕಳೆದರೆ ಮತ್ತೊಂದು ತಿರುವು.

ಯೋಜನೆ ಹಾಕುವಾಗ ಹೆಚ್ಚಿನವರು ಯೋಚಿಸದೇ ಬಿಡುವ ವಿಷಯವೆಂದರೆ ದಿಕ್ಕು. ಕ್ರೊಯೇಷಿಯಾದಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಸಾಗುತ್ತವೆ. ಸ್ಪ್ಲಿಟ್‌ನಿಂದ ಆಗ್ನೇಯಕ್ಕೆ ಹೊರಟರೆ ಕಡಲು ಬಲಕ್ಕೆ ಬರುತ್ತದೆ. ಅಂದರೆ ನೀವು ಯಾವಾಗಲೂ ಕಡಲ ಅಂಚಿನ ಪಥದಲ್ಲಿರುತ್ತೀರಿ, ನಿಲ್ಲಲು ಮಾಡಿಟ್ಟ ಜಾಗ ಕಂಡಾಗ ಎದುರಿನ ವಾಹನಗಳನ್ನು ದಾಟದೆ ನೇರವಾಗಿ ಹೊರಳಿಕೊಳ್ಳಬಹುದು. ಡುಬ್ರೊವ್ನಿಕ್‌ನಿಂದ ಹೊರಟರೆ ಪ್ರತಿ ನಿಲುಗಡೆಗೂ ತಿರುವಿನ ಹತ್ತಿರ ಎಡಕ್ಕೆ ರಸ್ತೆ ದಾಟಬೇಕು. ಬಲಬದಿಯ ಚಾಲನೆ ಇನ್ನೂ ಒಗ್ಗದ ನಮ್ಮಂಥವರಿಗೆ ಅದು ಬೇಡವಾದ ಸಾಹಸ. ಬೆಳಕಿನ ಲೆಕ್ಕವೂ ಇದೆ. ಬೆಳಿಗ್ಗೆ ಬೇಗ ಹೊರಟರೆ ಸೂರ್ಯ ಕಣ್ಣಿಗೇ ಹೊಡೆಯುತ್ತಾನೆ. ಆದ್ದರಿಂದ ಬೆಳಗಿನ ಹೊತ್ತನ್ನು ಸ್ಪ್ಲಿಟ್‌ನ ಡಯೊಕ್ಲೀಷಿಯನ್ ಅರಮನೆಯೊಳಗೆ ಕಳೆಯುವುದು ಒಳ್ಳೆಯದು. ಸುಮಾರು 1,700 ವರ್ಷ ಹಳೆಯದಾದ ಆ ರೋಮನ್ ಗೋಡೆಗಳ ನಡುವೆ ಇಂದಿಗೂ ಜನ ಸಂಸಾರ ಮಾಡಿಕೊಂಡಿದ್ದಾರೆ, ಬಟ್ಟೆ ಒಣಹಾಕುತ್ತಾರೆ. ಹನ್ನೊಂದರ ಸುಮಾರಿಗೆ ಹೊರಟರೆ ಮಧ್ಯಾಹ್ನದ ಇಳಿಬಿಸಿಲು ಬಿಯೊಕೊವೊ ಬೆಟ್ಟದ ಕಡಲಮುಖಕ್ಕೆ ನೇರವಾಗಿ ಬೀಳುವ ಹೊತ್ತಿಗೆ ಅದರ ಬುಡದಲ್ಲಿರುತ್ತೀರಿ.

ಇನ್ನು ವೀಸಾದ ವಿಷಯ. ಇದನ್ನು ಹೋಟೆಲ್ ಬುಕಿಂಗ್‌ಗಿಂತ ಮೊದಲೇ ಯೋಚಿಸಬೇಕು, ಏಕೆಂದರೆ ಈ ದಾರಿಯ ನಡುವೆ ಬೇರೊಂದು ದೇಶವಿದೆ. ಬೋಸ್ನಿಯಾ ಮತ್ತು ಹರ್ಜೆಗೊವಿನಾಕ್ಕೆ ಇರುವ ಏಕೈಕ ಕಡಲ ಪಟ್ಟಣ ನೆಉಮ್. ಹಳೆಯ ಹೆದ್ದಾರಿ ಅದರೊಳಗಿಂದಲೇ ಸುಮಾರು 9 ಕಿಲೋಮೀಟರ್ ಸಾಗುತ್ತದೆ. ಇದರ ಬೇರು ಇರುವುದು 1699ರ ಕಾರ್ಲೊವಿಟ್ಸ್ ಒಪ್ಪಂದದ ಕಾಲದಲ್ಲಿ. ಆಗ ರಗೂಸಾ ಎಂಬ ಗಣರಾಜ್ಯವಾಗಿದ್ದ ಡುಬ್ರೊವ್ನಿಕ್, ವೆನಿಸ್‌ನ ಗಡಿ ತನಗೆ ತಾಗಬಾರದೆಂದು ತನ್ನ ಎರಡು ಪಕ್ಕಗಳ ತುಂಡು ನೆಲವನ್ನು ಆಟೊಮನ್ ತುರ್ಕರಿಗೆ ಬಿಟ್ಟುಕೊಟ್ಟಿತು. ಹತ್ತಿರದ ಶತ್ರುವಿಗಿಂತ ದೂರದ ಸುಲ್ತಾನನೇ ವಾಸಿ ಎಂಬುದು ಆ ವ್ಯಾಪಾರಿಗಳ ಎಣಿಕೆ. ಯುಗೊಸ್ಲಾವಿಯಾ ಒಡೆದಾಗ ಆ ತುಂಡುಗಳಲ್ಲೊಂದು ಅಂತರರಾಷ್ಟ್ರೀಯ ಗಡಿಯಾಗಿ ಎದ್ದು ನಿಂತಿತು, ಕ್ರೊಯೇಷಿಯಾದ ದಕ್ಷಿಣದ ತುದಿ ನೆಲದ ಮಾರ್ಗದಲ್ಲಿ ಉಳಿದ ದೇಶದಿಂದ ಬೇರೆಯಾಯಿತು.

ಇದಕ್ಕೆ ಪರಿಹಾರವಾಗಿ 2022ರ ಜುಲೈ 26ರಂದು ಪೆಲ್ಯೆಶಾತ್ಸ್ ಸೇತುವೆ ತೆರೆಯಿತು. ಉದ್ದ 2,404 ಮೀಟರ್. ಹಣದ ದೊಡ್ಡ ಪಾಲು ಐರೋಪ್ಯ ಒಕ್ಕೂಟದ್ದು, ಕಟ್ಟಿದ್ದು ಚೀನಾದ ಕಂಪನಿ, ವಿನ್ಯಾಸ ಸ್ಲೊವೇನಿಯಾದ ಎಂಜಿನಿಯರ್ ಮಾರ್ಯಾನ್ ಪಿಪೆನ್‌ಬಾಹರ್ ಅವರದು. ನೀರಿನಿಂದ 55 ಮೀಟರ್ ಎತ್ತರದಲ್ಲಿ ಅದು ನಿಂತಿರುವುದಕ್ಕೆ ಕಾರಣ, ನೆಉಮ್ ಕಡೆಗೆ ಹಡಗುಗಳು ಹೋಗಲು ದಾರಿ ಬಿಡಬೇಕೆಂಬ ಬೋಸ್ನಿಯಾದ ಒತ್ತಾಯ. ಮುಖ್ಯಭೂಮಿಯ ಕೊಮಾರ್ನಾ ಬಳಿ ಹೊರಟು ಪೆಲ್ಯೆಶಾತ್ಸ್ ಪರ್ಯಾಯದ್ವೀಪಕ್ಕೆ ದಾಟುವ ಈ ಸೇತುವೆಗೂ ಟೋಲ್ ಇಲ್ಲ. 2023ರ ಜನವರಿ 1ರಂದು ಕ್ರೊಯೇಷಿಯಾ ಷೆಂಗೆನ್ ವಲಯವನ್ನು, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪನ್ನು, ಸೇರಿತು, ಅದೇ ದಿನ ಯೂರೊ ನಾಣ್ಯವೂ ಬಂತು.

ಈ ಎರಡೂ ಬದಲಾವಣೆಗಳು ಒಟ್ಟಿಗೆ ಸೇರಿ ಭಾರತೀಯ ಪಾಸ್‌ಪೋರ್ಟ್ ಹಿಡಿದವರಿಗೆ ಮಾಡಿದಷ್ಟು ಉಪಕಾರವನ್ನು ಬಹುಶಃ ಬೇರೆ ಯಾವ ಪ್ರವಾಸಿಗರಿಗೂ ಮಾಡಿಲ್ಲ. ಜರ್ಮನಿಯವರು ಮೊದಲು ಗಡಿಯ ಸಾಲಿನಲ್ಲಿ ಸ್ವಲ್ಪ ಹೊತ್ತು ಕಾಯುತ್ತಿದ್ದರು, ಅಷ್ಟೇ. ನಮ್ಮ ಸಂಗತಿ ಬೇರೆ: ಸಿಂಗಲ್ ಎಂಟ್ರಿ ಷೆಂಗೆನ್ ವೀಸಾ ಇರುವವರು ಕ್ಲೆಕ್ ಗಡಿಯಲ್ಲಿ ನೆಉಮ್‌ಗೆ ಕಾಲಿಟ್ಟರೆ ಅಲ್ಲಿಗೆ ವೀಸಾ ಮುಗಿದಂತೆ; ಕೆಲವೇ ಕಿಲೋಮೀಟರ್ ಆಚೆಯ ಜಾಟೊನ್ ಡೋಲಿ ಗಡಿಯಲ್ಲಿ ಮತ್ತೆ ಕ್ರೊಯೇಷಿಯಾಕ್ಕೆ ಬರಲು ಹಕ್ಕಿರುವುದಿಲ್ಲ. ಆದ್ದರಿಂದ ಅಂಥವರು ಸೇತುವೆಯ ಕಡೆಗೆ ಹೊರಳುವ ಫಲಕವನ್ನು ತಪ್ಪಿಸಿಕೊಳ್ಳದಂತೆ ಗಮನವಿಡಬೇಕು, ಮ್ಯಾಪನ್ನು ಕುರುಡಾಗಿ ನಂಬಬಾರದು. ಬೋಸ್ನಿಯಾದ ಮೊಸ್ತಾರ್‌ನ ಹಳೆಯ ಸೇತುವೆಯನ್ನೂ ಮಾಂಟೆನೆಗ್ರೊದ ಕೊಟೋರ್ ಕೊಲ್ಲಿಯನ್ನೂ ಇದೇ ಪ್ರವಾಸಕ್ಕೆ ಸೇರಿಸಬೇಕೆಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಅವೆರಡೂ ಷೆಂಗೆನ್‌ನ ಹೊರಗಿವೆ. ಮಲ್ಟಿಪಲ್ ಎಂಟ್ರಿ ವೀಸಾ ಇದ್ದರೂ ನಾನು ಅವನ್ನು ಸೇರಿಸುವುದಿಲ್ಲ. ಮೂರು ದೇಶ ನೋಡಿದೆವು ಎಂದು ಹೇಳಿಕೊಳ್ಳುವ ಆಸೆಗೆ ಈ ಕಡಲ ದಾರಿ ಬಲಿಯಾಗುತ್ತದೆ. ಬಾಡಿಗೆ ಕಾರನ್ನು ಗಡಿ ದಾಟಿಸಲು ಕಂಪನಿಯ ಅನುಮತಿ ಬೇಕಾಗುತ್ತದೆ, ಹೆಚ್ಚಿನ ಕಡೆ ಅದಕ್ಕೆ ಪ್ರತ್ಯೇಕ ಹಣವನ್ನೂ ಕೊಡಬೇಕು.

ದಾರಿಯಲ್ಲಿ ಎಲ್ಲಿ ನಿಲ್ಲಬೇಕು ಎಂಬ ಪಟ್ಟಿ ಉದ್ದವಾದಷ್ಟೂ ಪ್ರಯಾಣ ಕೆಡುತ್ತದೆ. ಚೆತಿನಾ ನದಿ ಬಂಡೆಗಳ ಸಂದಿನಿಂದ ಹೊರಬಂದು ಕಡಲು ಸೇರುವ ಅಳಿವೆಯಲ್ಲಿ ಓಮಿಶ್ ಇದೆ, ಒಂದು ಕಾಫಿಗೆ ಸಾಕು. ಬ್ರೆಲಾ ಮತ್ತು ಮಕಾರ್ಸ್ಕಾಗಳ ಕಡಲ ದಂಡೆ ನುಣುಪಾದ ಸಣ್ಣ ಕಲ್ಲುಗಳದ್ದು; ಮರಳು ಹುಡುಕಿಕೊಂಡು ಹೋಗುವವರಿಗೆ ನಿರಾಸೆಯಾದೀತು, ಆದರೆ ನೀರು ಅಷ್ಟು ತಿಳಿಯಾಗಿರುವುದಕ್ಕೆ ಆ ಕಲ್ಲೂ ಒಂದು ಕಾರಣ. ಬಿಯೊಕೊವೊ ಶಿಖರ 1,762 ಮೀಟರ್; 1,228 ಮೀಟರ್ ಎತ್ತರದಲ್ಲಿ ಪ್ರಪಾತದ ಮೇಲೆ ಚಾಚಿದ ಗಾಜಿನ ನಡೆದಾರಿ 2020ರಲ್ಲಿ ಶುರುವಾಯಿತು. ಅಲ್ಲಿಗೆ ಏರುವ ರಸ್ತೆ ಬಹಳ ಇಕ್ಕಟ್ಟು, ಎದುರಿಗೆ ಕಾರು ಬಂದರೆ ಹಿಂದಕ್ಕೆ ಸರಿಯಬೇಕಾಗುತ್ತದೆ. ಎಡಗೈ ಸ್ಟೀರಿಂಗ್ ಹೊಸದಾಗಿರುವವರು ಅದನ್ನು ಬಿಟ್ಟರೆ ನಷ್ಟವೇನೂ ಇಲ್ಲ, ಏಕೆಂದರೆ ಕೆಳಗಿನ ರಸ್ತೆಯಿಂದಲೇ ಬ್ರಾಚ್, ಹ್ವಾರ್ ದ್ವೀಪಗಳು ಗಂಟೆಗಟ್ಟಲೆ ಜೊತೆಗಿರುತ್ತವೆ. ಪ್ಲೋಚೆ ದಾಟಿದ ಮೇಲೆ ನೆರೆತ್ವಾ ನದಿಯ ಮುಖಜಭೂಮಿ ಇದ್ದಕ್ಕಿದ್ದಂತೆ ಹಸುರಾಗಿ ತೆರೆದುಕೊಳ್ಳುತ್ತದೆ. ಅಕ್ಟೋಬರ್‌ನಲ್ಲಿ ಹೋದರೆ ಮ್ಯಾಂಡರಿನ್ ಕಿತ್ತಳೆಯ ಕೊಯ್ಲು; ರಸ್ತೆಬದಿಯ ಅಂಗಡಿಯಲ್ಲಿ ಒಂದು ಚೀಲ ಕೊಂಡರೆ ಕಾರೆಲ್ಲ ಘಮಘಮ.

ರಾತ್ರಿ ಉಳಿಯಬೇಕಾದ ಊರು ಪೆಲ್ಯೆಶಾತ್ಸ್‌ನ ಸ್ಟೋನ್ ಎಂಬುದು ನನ್ನ ಖಚಿತ ಅಭಿಪ್ರಾಯ. ಸೇತುವೆಯ ಜೊತೆಗೆ ಕಟ್ಟಿದ ಹೊಸ ಸಂಪರ್ಕ ರಸ್ತೆ ಊರನ್ನು ಹೊರಗಿನಿಂದಲೇ ಬಳಸಿ ಹೋಗುವುದರಿಂದ ಬೇಕೆಂದೇ ಹೊರಳದಿದ್ದರೆ ಅದು ತಪ್ಪಿಹೋಗುತ್ತದೆ. ಪೆಲ್ಯೆಶಾತ್ಸ್ 1333ರಲ್ಲಿ ಡುಬ್ರೊವ್ನಿಕ್ ಗಣರಾಜ್ಯದ ಕೈಗೆ ಬಂದಿತು. ಇಲ್ಲಿನ ಉಪ್ಪಿನ ಆಗರಗಳು ಆ ಗಣರಾಜ್ಯಕ್ಕೆ ದೊಡ್ಡ ಆದಾಯದ ಮೂಲವಾಗಿದ್ದವು. ಉಪ್ಪನ್ನೂ ಪರ್ಯಾಯದ್ವೀಪದ ಬಾಗಿಲನ್ನೂ ಕಾಯಲು ಬೆಟ್ಟ ಹತ್ತಿಳಿಯುವ ಕೋಟೆಗೋಡೆಯನ್ನು ಎಬ್ಬಿಸಿದರು. ಸುಮಾರು ಐದೂವರೆ ಕಿಲೋಮೀಟರ್ ಇನ್ನೂ ನಿಂತಿದೆ. ಬಿಸಿಲು ಮತ್ತು ಗಾಳಿಯಿಂದಲೇ ಉಪ್ಪು ತೆಗೆಯುವ ಹಳೆಯ ಕ್ರಮ ಇವತ್ತಿಗೂ ನಡೆದಿದೆ. ಗೋಕರ್ಣದ ಬಳಿಯ ಸಾಣಿಕಟ್ಟೆಯನ್ನು ಬಲ್ಲವರಿಗೆ ಆ ಗದ್ದೆಗಳ ಮುಂದೆ ನಿಂತು ಕೇಳಲು ಹತ್ತು ಪ್ರಶ್ನೆಗಳಿರುತ್ತವೆ. ಗೋಡೆಯ ಆಚೆಯ ಮಾಲಿ ಸ್ಟೋನ್‌ನಲ್ಲಿ ಆಯ್‌ಸ್ಟರ್ ಸಾಕುತ್ತಾರೆ. ಸಸ್ಯಾಹಾರಿಗಳು ಈ ಕರಾವಳಿಯ ಎಲ್ಲೆಡೆ ಬ್ಲಿತ್ವಾ ಕೇಳಬಹುದು: ಸೊಪ್ಪು, ಆಲೂಗಡ್ಡೆ, ಬೆಳ್ಳುಳ್ಳಿ, ಆಲಿವ್ ಎಣ್ಣೆ. ಮೀನಿನ ಜೊತೆಗೆ ಬಡಿಸುವ ಪದಾರ್ಥವಾದ್ದರಿಂದ ಬೇರೆಯಾಗಿಯೇ ಕೊಡಿ ಎಂದು ಹೇಳಬೇಕಾಗುತ್ತದೆ.

ಕಾಲದ ಬಗ್ಗೆ ಎರಡು ಮಾತು ಸಾಕು. ಜುಲೈ, ಆಗಸ್ಟ್‌ನಲ್ಲಿ ಯುರೋಪಿನ ಅರ್ಧ ಜನ ಇದೇ ರಸ್ತೆಯಲ್ಲಿರುತ್ತಾರೆ. ಚಳಿಗಾಲದಲ್ಲಿ ಬೆಟ್ಟದಿಂದ ಕಡಲಿಗೆ ನುಗ್ಗುವ ಬೂರಾ ಎಂಬ ಒಣ ಚಳಿಗಾಳಿಗೆ ಕೆಲವು ದಿನ ಲಾರಿ, ಬೈಕುಗಳನ್ನು ತಡೆದು ನಿಲ್ಲಿಸುತ್ತಾರೆ. ಮೇ, ಜೂನ್ ಮೊದಲ ಭಾಗ, ಸೆಪ್ಟೆಂಬರ್ ಮತ್ತು ಅಕ್ಟೋಬರ್ ನಮಗೆ ಸರಿ.

ಕಾರಿಗೆ ಮುಂಚೆ ಕಾಗದ: ನಮ್ಮ ಆರ್‌ಟಿಒ ಕೊಡುವ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಒಂದು ವರ್ಷ ಚಾಲ್ತಿಯಲ್ಲಿರುತ್ತದೆ, ಅದರ ಜೊತೆ ಮೂಲ ಲೈಸೆನ್ಸನ್ನೂ ಇಟ್ಟುಕೊಳ್ಳಬೇಕು. ಗೇರಿನ ಕಾರು ಅಗ್ಗ, ಆದರೆ ಬಲಗೈಯಲ್ಲಿ ಗೇರು ಹಾಕುತ್ತ ತಿರುವು ದಾಟುವ ಕಸರತ್ತು ಬೇಡವೆಂದರೆ ಆಟೊಮ್ಯಾಟಿಕ್ ಕಾರನ್ನು ಮುಂಗಡವಾಗಿಯೇ ಕೇಳಬೇಕು. ಒಂದು ಊರಿನಲ್ಲಿ ಪಡೆದು ಇನ್ನೊಂದರಲ್ಲಿ ಬಿಡುವುದಕ್ಕೆ ಹೆಚ್ಚುವರಿ ಶುಲ್ಕ ಬೀಳುವುದು ಸಾಮಾನ್ಯ. ಅದನ್ನು ಉಳಿಸಲೆಂದು ಅದೇ ದಾರಿಯಲ್ಲಿ ವಾಪಸ್ ಬರುವ ಯೋಜನೆಯನ್ನು ನಾನು ಒಪ್ಪುವುದಿಲ್ಲ. ಡುಬ್ರೊವ್ನಿಕ್‌ಗೆ ಈಗ ರೈಲು ಇಲ್ಲ. ವಾಪಸಾಗಲು ಬಸ್ಸಿದೆ, ಬೇಸಿಗೆಯಲ್ಲಿ ವೇಗದ ದೋಣಿಗಳೂ ಇವೆ.

ಕಾರನ್ನು ಡುಬ್ರೊವ್ನಿಕ್‌ನ ಒಳಗೆ ಇಟ್ಟುಕೊಳ್ಳುವುದು ಮಾತ್ರ ಬೇಡವೇ ಬೇಡ. ಕೋಟೆಯೊಳಗಿನ ಹಳೆಯ ಊರಿನಲ್ಲಿ ವಾಹನಗಳಿಗೆ ಪ್ರವೇಶವಿಲ್ಲ, ಹೊರಗಿನ ಪಾರ್ಕಿಂಗ್ ದುಬಾರಿ, ಸಿಗುವುದೂ ಕಷ್ಟ. ಎರಡನೆಯ ದಿನ ಸ್ಟೋನ್‌ನಿಂದ ಹೊರಟು, ಟ್ರ್‌ಸ್ತೆನೊದಲ್ಲಿ ಐನೂರು ವರ್ಷದ ಎರಡು ಚಿನಾರ್ ಮರಗಳನ್ನು ನೋಡಿಕೊಂಡು, ಊರಿನೊಳಗೆ ಇಳಿಯದೆ ಅದರ ಮೇಲಿನ ರಸ್ತೆಯಲ್ಲೇ ಮುಂದುವರಿದು ಚಿಲಿಪಿಯ ವಿಮಾನ ನಿಲ್ದಾಣದಲ್ಲಿ ಕಾರು ಒಪ್ಪಿಸಿಬಿಡಬೇಕು. ಅಲ್ಲಿಂದ ಊರಿಗೆ ಬಸ್ಸು ಸಿಗುತ್ತದೆ. ಎಡಬದಿಯ ಕಿಟಕಿಯನ್ನು ಹಿಡಿದುಕೊಳ್ಳಿ. 1,940 ಮೀಟರ್ ಉದ್ದದ ಕೋಟೆಗೋಡೆಯೊಳಗಿನ ಊರು ಮೇಲಿನಿಂದ ಇಡಿಯಾಗಿ ಕಾಣುವುದು ಆ ಬದಿಗೆ, ಮತ್ತು ಈ ಸಲ ರಸ್ತೆಯ ಮೇಲೆ ಕಣ್ಣಿಡುವ ಕೆಲಸ ಬಸ್ಸಿನ ಡ್ರೈವರ್‌ನದು.