ಪೂರ್ಣ ವಾಕ್ಯದಲ್ಲಿ ಉತ್ತರಿಸಿ

ಮೂವತ್ತೆರಡು ವರ್ಷ ಬದಿಯಡ್ಕದ ಆಸುಪಾಸಿನ ಕನ್ನಡ ಶಾಲೆಗಳಲ್ಲಿ ಮಕ್ಕಳಿಗೆ ಪ್ರಶ್ನೆ ಕೇಳಿದವಳು ನಾನು. ಯಾರಾದರೂ ಒಂದೇ ಶಬ್ದದಲ್ಲಿ ಉತ್ತರ ಬರೆದರೆ ಕೆಂಪು ಪೆನ್ನಿನಲ್ಲಿ 'ಪೂರ್ಣ ವಾಕ್ಯದಲ್ಲಿ ಉತ್ತರಿಸಿ' ಅಂತ ಗೀಚಿ ಪುಸ್ತಕ ವಾಪಸು ಕೊಡುತ್ತಿದ್ದೆ. ಆ ಮಕ್ಕಳ ಶಾಪ ಈಗ ತಟ್ಟಿದೆ. ಕೇರಳದಲ್ಲಿ ನಮಗೆ 56ಕ್ಕೇ ನಿವೃತ್ತಿ. ಗಡಿಯಾಚೆ ಕರ್ನಾಟಕದಲ್ಲಿ ಇದ್ದಿದ್ದರೆ ಇನ್ನೂ ನಾಲ್ಕು ವರ್ಷ ಬೇರೆಯವರಿಗೆ ಪ್ರಶ್ನೆ ಕೇಳಿಕೊಂಡು ಸುಖವಾಗಿರುತ್ತಿದ್ದೆ.

ನಿವೃತ್ತಿಯಾದ ವಾರ ಬೆಂಗಳೂರಿನಿಂದ ಮಗಳು ಒಂದು ದಪ್ಪ ಪುಸ್ತಕ ತಂದಳು. 365 ಹಾಳೆ. ಹಾಳೆಗೊಂದು ಪ್ರಶ್ನೆ, ದಿನಕ್ಕೊಂದು ಉತ್ತರ. "ಅಮ್ಮ, ನಿನಗೇನಿಷ್ಟ ಅಂತ ನಮಗೆ ಗೊತ್ತೇ ಇಲ್ಲ. ಸುಮ್ನೆ ಬರಿ" ಅಂದಳು. ಇಂಗ್ಲಿಷಿನಲ್ಲಿದ್ದ ಪ್ರಶ್ನೆಗಳನ್ನು ಮೊಬೈಲಿಗೆ ಕೊಟ್ಟು ಕನ್ನಡ ಮಾಡಿಸಿ, ಪ್ರಿಂಟ್ ತೆಗೆಸಿ, ಸ್ಪೈರಲ್ ಬೈಂಡ್ ಹಾಕಿಸಿದ್ದಳಂತೆ. ಮೊದಲ ಪ್ರಶ್ನೆ: 'ನೀವು ಬೆಳಗಿನ ವ್ಯಕ್ತಿಯೇ?'

ನನಗೆ ಗಾಬರಿಯೇನೂ ಆಗಲಿಲ್ಲ. ಕಾಸರಗೋಡಿನಲ್ಲಿ ಬೋರ್ಡಿನ ಕನ್ನಡ ಓದಿ ಪಳಗಿದವರಿಗೆ ಯಾವ ಅನುವಾದವೂ ಅರ್ಥವಾಗುತ್ತದೆ. 'ಹೌದು, ನಾನು ಬೆಳಗಿನ ವ್ಯಕ್ತಿ. ಹಾಲಿನವನು ಬರುವ ಹೊತ್ತಿಗೆ ವ್ಯಕ್ತಿಯಾಗಿರುತ್ತೇನೆ' ಎಂದು ಬರೆದೆ. ಪೂರ್ಣ ವಾಕ್ಯದಲ್ಲೇ.

ಎರಡನೇ ವಾರ ಬಂತು ನೋಡಿ: 'ನಿಮ್ಮ ತಪ್ಪಿತಸ್ಥ ಸಂತೋಷ ಯಾವುದು?' ಕಟಕಟೆಯಲ್ಲಿ ನಿಂತ ಹಾಗಾಯಿತು. ಸುಳ್ಳು ಬರೆಯುವುದು ಬೇಡ ಅಂತ ನಿಜ ಬರೆದೆ: 'ರಾತ್ರಿ ಎಲ್ಲರೂ ಮಲಗಿದ ಮೇಲೆ ಡಬ್ಬದ ಬಾಳೆಕಾಯಿ ಉಪ್ಪೇರಿ ತಿನ್ನುವುದು.' ಪುಸ್ತಕ ಊಟದ ಮೇಜಿನ ಮೇಲೇ ಇರುತ್ತದೆ. ನಮ್ಮ ಮನೆಯಲ್ಲಿ ಬಂದ ಮದುವೆ ಕಾಗದವನ್ನೂ ಎಲ್ಲರೂ ಎರಡೆರಡು ಸಲ ಓದುತ್ತಾರೆ. ಮರುದಿನ ಚಹಾ ಕುಡಿಯುತ್ತಾ ಯಜಮಾನರು ಅದನ್ನು ತೆರೆದರು. ಓದಿದರು. ಕನ್ನಡಕ ತೆಗೆದರು.

"ಅಂದರೆ ಇಲಿ ಅಲ್ಲ!"

ಮೂರು ತಿಂಗಳಿಂದ ಉಪ್ಪೇರಿ ಕಡಿಮೆಯಾಗುತ್ತಿರುವುದನ್ನು ಅವರು ಗಮನಿಸಿದ್ದರು. ಆ ಡಬ್ಬದ ಪಕ್ಕ ಇಲಿಬೋನು ಇಟ್ಟವರೂ ಅವರೇ. ಅದರಲ್ಲಿ ದಿನಾ ತೆಂಗಿನ ಚೂರು ಬದಲಿಸುತ್ತಿದ್ದವಳು ನಾನೇ.

ಎಲ್ಲ ಪ್ರಶ್ನೆಗಳೂ ಇಷ್ಟು ಅಪಾಯದ್ದಲ್ಲ. 'ನಿಮ್ಮ ಊರಿನಲ್ಲಿ ಜನರು ಪರಸ್ಪರ ಹೇಗೆ ಶುಭಾಶಯ ಮಾಡುತ್ತಾರೆ?' ಎಂಬುದಕ್ಕೆ ಎರಡು ಹಾಳೆ ಬರೆದೆ. ಇಲ್ಲಿ ಯಾರೂ 'ಹೇಗಿದ್ದೀರಿ' ಅಂತ ಕೇಳುವುದಿಲ್ಲ. ಊಟ ಆಯಿತಾ ಅಂತ ಕೇಳುತ್ತಾರೆ. ಅದೂ ಒಂದು ಭಾಷೆಯಲ್ಲಲ್ಲ. ತುಳುವಿನಲ್ಲಿ 'ಒಣಸ್ ಆಂಡಾ?' ಎದುರುಮನೆಯ ಬ್ಯಾರಿ ಅಕ್ಕ 'ಚೋರ್ ಬೆಯ್ಚಾ?' ಅನ್ನುತ್ತಿದ್ದರು. ನಾನು ಪುತ್ತೂರಿನಿಂದ ಮದುವೆಯಾಗಿ ಬಂದ ಹೊಸತು. ತುಳು ಗೊತ್ತು. ಬ್ಯಾರಿ ಭಾಷೆಯಲ್ಲಿ ಚೋರು ಅಂದರೆ ಅನ್ನ ಅನ್ನುವಷ್ಟು ಗೊತ್ತು. 'ಬೆಯ್ಚಾ' ಅಂದರೆ ಬೇಯಿಸಿದೆಯಾ ಅಂತ ನಾನೇ ಅರ್ಥ ಮಾಡಿಕೊಂಡೆ. ದಿನಾ ಹನ್ನೊಂದೂವರೆಗೆ ಅವರು ಬೇಲಿಯಾಚೆಯಿಂದ ಕೇಳುವುದು, ನಾನು "ಹೂಂ, ಆಗಲೇ ಆಯಿತು" ಅಂತ ಹೆಮ್ಮೆಯಿಂದ ಹೇಳುವುದು. ಹೊಸ ಸೊಸೆ ಎಷ್ಟು ಚುರುಕು ಅಂತ ಮೆಚ್ಚಿಕೊಳ್ಳಲಿ ಅಂತ. ಆ ಶಬ್ದಕ್ಕೆ ಉಂಡೆಯಾ ಅಂತ ಅರ್ಥ! ಮನೆಯವರೆಲ್ಲ ಒಂದು ಗಂಟೆಗೆ ಉಣ್ಣುವಾಗ ಹೊಸ ಸೊಸೆ ಹನ್ನೊಂದೂವರೆಗೇ ಒಬ್ಬಳೇ ಉಂಡು ಮುಗಿಸುತ್ತಾಳೆ ಎಂಬ ಸುದ್ದಿ ಮೂರು ತಿಂಗಳಲ್ಲಿ ಸುತ್ತಿಬಳಸಿ ಅತ್ತೆಯ ಕಿವಿಗೆ ಬಂತು. ಅತ್ತೆ ಏನೂ ಹೇಳಲಿಲ್ಲ. ಮಧ್ಯಾಹ್ನ ನನಗೆ ಬಡಿಸುವಾಗ "ಮತ್ತೊಮ್ಮೆ ಉಣ್ಣು" ಅಂದರು, ಅಷ್ಟೇ.

ದೊಡ್ಡ ಅನಾಹುತ ಆದದ್ದು ತುಳುವರ ಆಟಿ ತಿಂಗಳಲ್ಲಿ, ಮಲಯಾಳದವರ ಕರ್ಕಟಕದಲ್ಲಿ. ಹೊರಗೆ ಬಿಡದೆ ಮಳೆ. ಪ್ರಶ್ನೆ: 'ನಿಮ್ಮ ಆರಾಮ ಆಹಾರ ಯಾವುದು?'

ಇದಕ್ಕೆ ಉತ್ತರಿಸುವುದು ಕಷ್ಟ. ಯಾಕೆಂದರೆ ಇಲ್ಲಿ ತಿಂಡಿಯನ್ನು ನಾವು ಆರಿಸುವುದಿಲ್ಲ, ಹಿತ್ತಲು ಆರಿಸುತ್ತದೆ. ಮಾರ್ಚಿನಲ್ಲಿ ಗುಜ್ಜೆ, ಅಂದರೆ ಎಳೆ ಹಲಸಿನ ಪಲ್ಯದಿಂದ ಶುರು. ಆಮೇಲೆ ಸೊಳೆಯ ದೋಸೆ, ಹಣ್ಣಿನ ಕೊಟ್ಟಿಗೆ ಎಂಬ ಕಡುಬು, ಹಪ್ಪಳ, ಹಲಸಿನ ಬೀಜದ ಸಾರು. ಮರದಲ್ಲಿ ಮುಗಿದರೂ ಭರಣಿಯಲ್ಲಿ ಮುಗಿಯುವುದಿಲ್ಲ. 2018ರಲ್ಲಿ ಕೇರಳ ಸರಕಾರ ಹಲಸನ್ನು ರಾಜ್ಯದ ಹಣ್ಣು ಅಂತ ಘೋಷಿಸಿದಾಗ ನಾನು ಪೇಪರು ಓದಿ ಹೇಳಿದೆ. ಅತ್ತೆ, "ಹಾಗಾದರೆ ಇಷ್ಟು ವರ್ಷ ನಾವು ತಿಂದದ್ದು ಎಂತದ್ದು ಮಾರಾಯ್ತಿ?" ಅಂದಿದ್ದರು.

ಆದರೂ ಬರೆದೆ. ಉಂಡ್ಲಕಾಳು. ಬರೆಯುತ್ತಾ ಹೋದ ಹಾಗೆ ಬಾಯಲ್ಲಿ ನೀರು ಬಂದು ಸ್ವಲ್ಪ ಜಾಸ್ತಿಯೇ ಬರೆದೆ. ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯನ್ನು, ಅಂದರೆ ಉಪ್ಪುಸೊಳೆಯನ್ನು, ಅಮ್ಮ ಹಿಂಡುತ್ತಿದ್ದದ್ದು, ಕಾಯಿ ಜೀರಿಗೆ ಹಾಕಿ ನೀರು ಮುಟ್ಟಿಸದೆ ಅರೆಯುತ್ತಿದ್ದದ್ದು, ಅಕ್ಕಿಹಿಟ್ಟು ಕಲಸಿ ನಾವು ಮಕ್ಕಳೆಲ್ಲ ಸುತ್ತ ಕೂತು ಕಡಲೆಗಿಂತ ಸ್ವಲ್ಪ ದೊಡ್ಡ ಉಂಡೆ ಕಟ್ಟುತ್ತಿದ್ದದ್ದು. ತೆಂಗಿನೆಣ್ಣೆಗೆ ಬಿಟ್ಟಾಗ ಮೊದಲು ಜೋರು ಮಳೆಯ ಸದ್ದು, ಆಮೇಲೆ ಹನಿ, ಸದ್ದು ನಿಂತರೆ ತೆಗೆಯುವ ಹೊತ್ತು. ಕೊನೆಗೊಂದು ವಾಕ್ಯ: 'ನನಗಾಗಿ ಯಾರಾದರೂ ಇದನ್ನು ಮಾಡಿ ಎಷ್ಟೋ ವರ್ಷವಾಯಿತು.' ಈ ವಾಕ್ಯ ಬೇಕಿರಲಿಲ್ಲ, ಅಲ್ವಾ?

ಭಾನುವಾರ ನಾನು ಪೆರ್ಲದ ದಾರಿಯಾಗಿ ಪುತ್ತೂರಿಗೆ, ತಮ್ಮನ ಮನೆಗೆ ಹೋಗಿದ್ದೆ. ಸಂಜೆ ಬಸ್ಸಿಳಿದು ಅಂಗಳಕ್ಕೆ ಬರುವಾಗಲೇ ಕರಿದ ಎಣ್ಣೆಯ ಪರಿಮಳ. ಜಗಲಿಯಲ್ಲಿ ಯಜಮಾನರು ಮುಂಡು ಎತ್ತಿ ಕಟ್ಟಿ, ಕೈಗೆ ಎರಡು ಕಡೆ ಬರ್ನಾಲ್ ಹಚ್ಚಿ, ನಗುತ್ತಾ ನಿಂತಿದ್ದರು. ಒಳಗೆ ತಟ್ಟೆಯಲ್ಲಿ ಲಿಂಬೆ ಗಾತ್ರದ ಉಂಡೆಗಳು. ಕೆಲವು ಬಾಣಲೆಯಲ್ಲೇ ಸಿಡಿದು ಮೇಲಿನ ಮಾಡಿಗೆ ಹಾರಿದ್ದವು.

ಬಾಯಿಗೆ ಹಾಕಿದೆ. ಕುಂಬಳೆಯ ಕಡಲನ್ನು ಕರಿದು ಕೊಟ್ಟ ಹಾಗಿತ್ತು.

ಉಪ್ಪುಸೊಳೆಯನ್ನು ಹಿಂದಿನ ರಾತ್ರಿಯೇ ನೀರಿಗೆ ಹಾಕಿ, ನಾಲ್ಕು ಸಲ ನೀರು ಬದಲಿಸಿ ಉಪ್ಪು ಬಿಡಿಸಬೇಕು. ಅದನ್ನು ನಾನು ಬರೆದಿರಲಿಲ್ಲ. ಅದೂ ಬರೆಯುವ ವಿಷಯವಾ? ನಳ್ಳಿಯ ಕೆಳಗೆ ಒಮ್ಮೆ ತೊಳೆದರಂತೆ. ತೊಳೆದ ಒದ್ದೆ ಕೈಯನ್ನೇ ಮತ್ತೆ ಭರಣಿಗೆ ಹಾಕಿ ಇನ್ನಷ್ಟು ತೆಗೆದರಂತೆ, ಸಾಲದೆ ಬಂತು ಅಂತ. ಮೇ ತಿಂಗಳಲ್ಲಿ ಮೂರು ದಿನ ಕೂತು ಬಿಡಿಸಿ, ಉಪ್ಪು ಹಾಕಿ, ಕಲ್ಲಿನ ಭಾರ ಇಟ್ಟ ಭರಣಿ ಅದು. ಹತ್ತು ದಿನದಲ್ಲಿ ಮೇಲೆ ಬಿಳಿ ಪಾಡ ಕಟ್ಟಿತು.

ಎಲ್ಲವನ್ನೂ ಅತ್ತೆ ನೋಡುತ್ತಿದ್ದರು. ಅವರಿಗೆ ಎಂಬತ್ತು ದಾಟಿದೆ. ತಿಂಡಿಯನ್ನು ಕೈಯಲ್ಲಿ ಹಿಡಿದು, ವಾಸನೆ ನೋಡಿ, ಮೆಲ್ಲಗೆ ತಟ್ಟೆಯಲ್ಲಿ ಇಟ್ಟಿದ್ದರು.

ಇದಾಗಿ ಕೆಲವು ದಿನ ನಾನು ಆ ಪುಸ್ತಕ ಮುಟ್ಟಲಿಲ್ಲ. ಮತ್ತೆ ತೆರೆದರೆ ಮುಂದಿನ ಹಾಳೆಗಳು ತುಂಬಿವೆ! ಪೆನ್ಸಿಲಿನಲ್ಲಿ, ಹಳೆ ಕಾಲದ ದುಂಡು ಅಕ್ಷರದಲ್ಲಿ.

'ಎದ್ದ ತಕ್ಷಣ ನೀವು ಮಾಡುವ ಮೊದಲ ಕೆಲಸ?' — ಕೂರುವುದು.

'ನೀವು ಒಂದಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ವಾಸಿಸಿದ್ದೀರಾ?' — ಹೌದು, ಕೂತಲ್ಲೇ.

ಇದಕ್ಕೆ ನಾನು ಒಬ್ಬಳೇ ನಕ್ಕೆ. ಅತ್ತೆ ಹುಟ್ಟಿದಾಗ ಇದು ಮದ್ರಾಸು. 1956ರ ನವೆಂಬರ್ 1ಕ್ಕೆ ಕೇರಳ. ಅವರ ತವರೂ ಇಲ್ಲೇ, ನಾಲ್ಕು ಮೈಲಿಯಲ್ಲಿ.

'ನಿಮ್ಮ ಕನಸಿನ ಪ್ರವಾಸದ ಗಮ್ಯಸ್ಥಾನ?' — ಜಗಲಿ.

'ನಿಮ್ಮ ಅತ್ಯಂತ ನೆಚ್ಚಿನ ತಿಂಡಿ?' — ಮಾಡಿಕೊಟ್ಟದ್ದು.

ಕೈ ಸುಮ್ಮನಿರಬೇಕಲ್ಲ. ಮೂವತ್ತೆರಡು ವರ್ಷದ ಅಭ್ಯಾಸ. ಕೆಂಪು ಪೆನ್ನು ಹುಡುಕಿ, ಆ ಕೊನೆಯ ಉತ್ತರದ ಕೆಳಗೆ 'ಪೂರ್ಣ ವಾಕ್ಯದಲ್ಲಿ ಉತ್ತರಿಸಿ' ಎಂದು ಬರೆದು ಮೇಜಿನ ಮೇಲಿಟ್ಟೆ.

ಮರುದಿನ ಬೆಳಿಗ್ಗೆ ಅದರ ಕೆಳಗೆ ಪೆನ್ಸಿಲಿನಲ್ಲಿ ಹೀಗಿತ್ತು: 'ನನಗೆ ಬೇರೆ ಯಾರಾದರೂ ಮಾಡಿಕೊಟ್ಟ ಯಾವ ತಿಂಡಿಯೂ ಇಷ್ಟವೇ, ಆದರೆ ನನ್ನ ಮಗ ಅದರ ಉಪ್ಪು ಬಿಡಿಸಿರಬೇಕು.'