ಯಾವ ಸ್ಪೀಡಿನಲ್ಲೂ ಅರ್ಥವಾಗದ ಹಾಡು

ರಾಕ್ ಹಾಡಿಗೆ ಅರ್ಥ ಬೇಡವೇ ಎಂದು ಕೇಳುವವರು ಎಲ್ಲ ಊರಲ್ಲೂ ಇದ್ದಾರೆ. "ಏನು ಅರಚ್ತಾನೋ, ಒಂದಕ್ಷರ ತಿಳಿಯಲ್ಲ" ಎಂದು ಬೈದು ಬಾಗಿಲು ಹಾಕಿಕೊಂಡರೆ ಅವರ ಕೆಲಸ ಮುಗಿಯಿತು. ಅಮೆರಿಕದವರು ಅಷ್ಟಕ್ಕೇ ಬಿಡಲಿಲ್ಲ. ಪ್ರಶ್ನೆಯನ್ನು ತಮ್ಮ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐಗೆ ಒಪ್ಪಿಸಿದರು.

1963ರಲ್ಲಿ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನ ಕೆಲವು ಹುಡುಗರು 'ಲೂಯಿ ಲೂಯಿ' ಎಂಬ ಹಾಡು ರೆಕಾರ್ಡ್ ಮಾಡಿದರು. ಬ್ಯಾಂಡಿನ ಹೆಸರು ಕಿಂಗ್ಸ್‌ಮೆನ್. ಹಾಡು ಅವರದ್ದಲ್ಲ, ರಿಚರ್ಡ್ ಬೆರಿ ಎಂಬಾತನದು. ಅವನು ಅದನ್ನು ಬರೆದದ್ದು 1955ರಲ್ಲಿ, ರೆಕಾರ್ಡ್ ಬಂದದ್ದು 1957ರಲ್ಲಿ. ಜಮೈಕಾದ ನಾವಿಕನೊಬ್ಬ ಬಾರಿನವನ ಮುಂದೆ ಕೂತು, ಊರಲ್ಲಿ ಹುಡುಗಿ ಕಾಯ್ತಿದ್ದಾಳೆ, ನಾನಿನ್ನು ಹೊರಡಬೇಕು ಅನ್ನುತ್ತಾನೆ. ಅಷ್ಟೇ ಕತೆ. ನಮ್ಮ ಭಾವಗೀತೆ ಕಾರ್ಯಕ್ರಮದಲ್ಲಿ ಹಾಡಿದರೂ ಮುಂದಿನ ಸಾಲಿನ ಅಜ್ಜಿಯರು ತಲೆದೂಗುವಂಥ ಸರಕು.

ಎಡವಟ್ಟಾಗಿದ್ದು ಸ್ಟುಡಿಯೋದಲ್ಲಿ. ಮೈಕು ಮೇಲೆಲ್ಲೋ ನೇತಾಡುತ್ತಿತ್ತು. ಗಾಯಕ ಜ್ಯಾಕ್ ಈಲಿ ಕತ್ತೆತ್ತಿ ಅದರತ್ತ ಕೂಗಬೇಕಾಯಿತು. ಸಾಲದ್ದಕ್ಕೆ ಹಲ್ಲಿಗೆ ಕ್ಲಿಪ್ಪು ಬೇರೆ. ಬೆರಿ ಬರೆದ ಸಾಲುಗಳು ಅವನ ಬಾಯಿಂದ ಗಂಜಿಯಾಗಿ ಹೊರಬಂದವು.

ಮಾತು ತಿಳಿಯದ ಹಾಡು ಸಿಕ್ಕರೆ ಶಾಲೆ ಹುಡುಗರು ಸುಮ್ನೆ ಬಿಡುತ್ತಾರೆಯೇ? "ಇದೇ ನಿಜವಾದ ಸಾಹಿತ್ಯ" ಎಂದು ಪೋಲಿ ಸಾಲುಗಳ ಚೀಟಿ ಕೈಯಿಂದ ಕೈಗೆ ಓಡಾಡಿತು. ಒಂದು ಊರಿನ ಚೀಟಿಗೂ ಇನ್ನೊಂದು ಊರಿನ ಚೀಟಿಗೂ ತಾಳೆ ಇರಲಿಲ್ಲ. ಚೀಟಿ ಹಿಡಿದುಕೊಂಡು ಕೇಳಿದರೆ ಅದೇ ಕೇಳಿಸುತ್ತಿತ್ತು. ಬೇರೆ ಚೀಟಿ ಹಿಡಿದರೆ ಬೇರೆ ಕೇಳಿಸುತ್ತಿತ್ತು.

1964ರ ಆರಂಭದಲ್ಲಿ ಇಂಡಿಯಾನಾ ರಾಜ್ಯದ ಗವರ್ನರ್ ಮ್ಯಾಥ್ಯೂ ವೆಲ್ಶ್ ರಂಗಕ್ಕಿಳಿದರು. ಅಲ್ಲಿ ಗವರ್ನರ್ ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. ಹಾಡು ಕೇಳಿ ತಮ್ಮ ಕಿವಿ ಜುಮ್ಮೆಂದಿತು ಅಂದರು. ರೇಡಿಯೋದವರು ಇದನ್ನು ಹಾಕದಿದ್ದರೆ ಒಳ್ಳೆಯದು ಎಂದರು. ನಿಷೇಧವಲ್ಲ, ಬರೀ ವಿನಂತಿ. ಗವರ್ನರ್ ಮಾಡುವ ವಿನಂತಿ ಎಂಥದ್ದು ಅಂತ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಹಾಡಿನ ಪ್ರಕಾಶಕರು, ಇದರಲ್ಲಿ ಅಶ್ಲೀಲ ಹುಡುಕಿಕೊಟ್ಟವರಿಗೆ 1,000 ಡಾಲರ್ ಇನಾಮು ಎಂದು ಘೋಷಿಸಿದರು. ಅಷ್ಟರಲ್ಲಿ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೇರಿತ್ತು. ಕಿವಿ ಜುಮ್ಮೆನ್ನಿಸಿಕೊಳ್ಳಲು ಜನ ದುಡ್ಡು ಕೊಡುತ್ತಿದ್ದರು.

ಅದೇ ಹೊತ್ತಿಗೆ ಪೋಷಕರೊಬ್ಬರು ಎಫ್‌ಬಿಐಗೂ ಮೇಲಿನವರಾದ, ಕಾನೂನು ಇಲಾಖೆಯ ಮುಖ್ಯಸ್ಥ ಅಟಾರ್ನಿ ಜನರಲ್ ರಾಬರ್ಟ್ ಕೆನಡಿಗೆ ಪತ್ರ ಬರೆದರು. ಸಾಹಿತ್ಯ ಎಷ್ಟು ಹೊಲಸಾಗಿದೆ ಅಂದರೆ ಪತ್ರದ ಜೊತೆ ಕಳಿಸುವಂತಿಲ್ಲ ಎಂಬುದು ಅವರ ಅಳಲು. ದೇಶ ಹಾಳಾಗುತ್ತಿದೆ ಎಂಬ ಮಾತೂ ಇತ್ತು. ದೇಶ ಹಾಳಾಗದೆ ಇಂಥ ಪತ್ರ ಮುಗಿಯುವುದೂ ಇಲ್ಲ.

ಸರಿ, ಎಫ್‌ಬಿಐ ಕಡತ ತೆರೆಯಿತು. ಅಶ್ಲೀಲ ವಸ್ತುವನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸುವುದು ಅಲ್ಲಿ ಅಪರಾಧ. ವಸ್ತು ಅಶ್ಲೀಲ ಎಂದು ಸಾಬೀತು ಮಾಡಲು ಮೊದಲು ಅದರಲ್ಲಿ ಏನಿದೆ ಅಂತ ಗೊತ್ತಾಗಬೇಕು. ಹಾಗಾಗಿ ರೆಕಾರ್ಡು ಲ್ಯಾಬಿಗೆ ಹೋಯಿತು. ನಿಧಾನಕ್ಕೆ ತಿರುಗಿಸಿದರು, ಜೋರಾಗಿ ತಿರುಗಿಸಿದರು. ನನ್ನ ಕಲ್ಪನೆಯಲ್ಲಿ ಇದೊಂದು ಅದ್ಭುತ ದೃಶ್ಯ. ಕಪ್ಪು ಸೂಟು, ಹೊಳೆಯುವ ಬೂಟು, ಮುಖದಲ್ಲಿ ನಗುವಿಲ್ಲದ ಅಧಿಕಾರಿಗಳು ಗ್ರಾಮೋಫೋನಿನ ಸುತ್ತ ಕೂತಿದ್ದಾರೆ. ಒಬ್ಬ "ಸರ್, ಇಲ್ಲಿ ಏನೋ ಹೊಲಸು ಅಂದ ಹಾಗಾಯ್ತು" ಅನ್ನುತ್ತಾನೆ. ಮೇಲಧಿಕಾರಿ "ಇನ್ನೊಮ್ಮೆ ಹಾಕು" ಅನ್ನುತ್ತಾರೆ. ತೆರಿಗೆದಾರರ ಹಣದಲ್ಲಿ ಇಷ್ಟು ಗಮನವಿಟ್ಟು ರಾಕ್ ಕೇಳಿದ ಅಭಿಮಾನಿಗಳು ಬೇರೆ ಯಾವ ಬ್ಯಾಂಡಿಗೂ ಸಿಕ್ಕಿರಲಿಕ್ಕಿಲ್ಲ.

ಹಾಡಿದವನನ್ನೇ ಕೇಳಬಹುದಿತ್ತು ಅಂತ ನಿಮಗೆ ಅನ್ನಿಸಬಹುದು. ಜ್ಯಾಕ್ ಈಲಿಯನ್ನು ಅವರು ಕೇಳಲೇ ಇಲ್ಲ. ಸಾಹಿತ್ಯದ ಅಧಿಕೃತ ಪ್ರತಿ ಕೈಗೆ ಸಿಕ್ಕರೂ ಸಮಾಧಾನವಾಗಲಿಲ್ಲ. ನಾವಿಕ, ಹಡಗು, ಹುಡುಗಿ ಎಂದು ಇಷ್ಟು ಸ್ಪಷ್ಟವಾಗಿ ಬರೆದಿದೆ ಅಂದಮೇಲೆ ಒಳಗೆ ಏನೋ ಇರಲೇಬೇಕು! ಹೀಗೆ 1965ರವರೆಗೂ ನಡೆದ ತನಿಖೆಯ ಫಲವಾಗಿ ನೂರು ಪುಟ ಮೀರಿದ ಕಡತ ಬೆಳೆಯಿತು. ಕೊನೆಗೆ ಬಂದ ತೀರ್ಮಾನ ಏನು ಗೊತ್ತೇ? ಯಾವ ಸ್ಪೀಡಿನಲ್ಲಿ ಹಾಕಿದರೂ ಏನೂ ತಿಳಿಯುವುದಿಲ್ಲ. ಪಕ್ಕದ ಮನೆ ಅಜ್ಜ ಮೊದಲ ದಿನವೇ ಇದನ್ನು ಹೇಳಿ ಬಾಗಿಲು ಹಾಕಿಕೊಂಡಿರುತ್ತಿದ್ದ.

ಇನ್ನೊಂದು ಮಜಾ ಇದೆ. ಹಾಡು ಶುರುವಾಗಿ ಒಂದು ನಿಮಿಷ ಆಗುವ ಮೊದಲೇ, ಡ್ರಮ್ ಬಾರಿಸುವವನು ಕೋಲು ಎಡವಟ್ಟಾಗಿ ಒಂದು ಅಪ್ಪಟ ಬೈಗುಳ ಕೂಗಿದ್ದಾನೆ ಅನ್ನುತ್ತಾರೆ. ಇಡೀ ರೆಕಾರ್ಡಿನಲ್ಲಿ ನಿಜಕ್ಕೂ ಹೊಲಸು ಅನ್ನಬಹುದಾದದ್ದು ಅದೊಂದೇ. ಲ್ಯಾಬಿನವರ ಕಿವಿಗೆ ಅದು ಬೀಳಲಿಲ್ಲ. ಅವರು ಚೀಟಿಯಲ್ಲಿದ್ದದ್ದನ್ನು ಹುಡುಕುತ್ತಿದ್ದರು, ಪಾಪ.

ಇಷ್ಟೆಲ್ಲ ಆಗುವಾಗ ಬೆರಿ ಏನು ಮಾಡುತ್ತಿದ್ದ? ಅವನು ಎಂದೋ ಹಾಡಿನ ಹಕ್ಕನ್ನು 750 ಡಾಲರಿಗೆ ಮಾರಿಬಿಟ್ಟಿದ್ದ. ತನಿಖೆ ಮಾಡಲೇಬೇಕಿದ್ದರೆ ಅದನ್ನು ಮಾಡಬಹುದಿತ್ತು.

ಅರ್ಥ ಕೇಳುವವರಿಗೆ ಅರ್ಥ ಬೇಕಿರುವುದಿಲ್ಲ ಎಂಬ ಅನುಮಾನ ನನಗಿದೆ. ಅರ್ಥ ಅವರ ಜೇಬಿನಲ್ಲೇ ಇರುತ್ತದೆ. ಹಾಡಿನವನು ಬಂದು ಅದಕ್ಕೆ ಸಹಿ ಹಾಕಬೇಕು, ಅಷ್ಟೇ. 1985ರ ಸೆಪ್ಟೆಂಬರ್ 19ರಂದು ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಆದದ್ದೂ ಇದೇ. ರಾಕ್ ಸಾಹಿತ್ಯದಿಂದ ಮಕ್ಕಳು ಕೆಡುತ್ತಿದ್ದಾರೆ ಎಂದು ವಿಚಾರಣೆ. ದೂರು ತಂದವರಲ್ಲಿ ಸೆನೆಟರ್ ಆಲ್ ಗೋರ್ ಅವರ ಹೆಂಡತಿ ಟಿಪ್ಪರ್ ಗೋರ್ ಮುಂದೆ ನಿಂತಿದ್ದರು. ಟ್ವಿಸ್ಟೆಡ್ ಸಿಸ್ಟರ್ ಬ್ಯಾಂಡಿನ 'ಅಂಡರ್ ದ ಬ್ಲೇಡ್' ಹಾಡಿನಲ್ಲಿ ಕಟ್ಟಿಹಾಕಿ ಹಿಂಸಿಸುವ ಕಾಮಕೇಳಿ ಇದೆ ಎಂಬುದು ಅವರ ಆರೋಪ. ಗುಂಗುರು ಕೂದಲು ಹರಡಿಕೊಂಡು ಬಂದ ಗಾಯಕ ಡೀ ಸ್ನೈಡರ್ ಸಾವಧಾನವಾಗಿ ಹೇಳಿದ: ನಮ್ಮ ಗಿಟಾರಿಸ್ಟಿಗೆ ಗಂಟಲಿನ ಆಪರೇಷನ್ ಆಗುವುದಿತ್ತು, ಹಾಡು ಅವನ ಹೆದರಿಕೆಯ ಬಗ್ಗೆ. ಬೇರೆ ಅರ್ಥ ಹುಡುಕಿದವರಿಗೆ ಬೇರೆ ಅರ್ಥವೇ ಸಿಗುತ್ತದೆ ಎಂದೂ ಸೇರಿಸಿದ. ಅವತ್ತೇ ಬಂದಿದ್ದ ಗಾಯಕ ಜಾನ್ ಡೆನ್ವರ್ ಕತೆ ಇನ್ನೂ ಪಾಪದ್ದು. ಬೆಟ್ಟದ ಮೇಲೆ ಮಲಗಿ ಉಲ್ಕೆ ನೋಡಿ ಖುಷಿಪಟ್ಟು ಬರೆದ ಹಾಡನ್ನು ಕೆಲವು ರೇಡಿಯೋಗಳು ಗಾಂಜಾ ನಶೆಯ ಹಾಡೆಂದು ಹಾಕುತ್ತಿರಲಿಲ್ಲವಂತೆ. ಎಲ್ಲ ಮುಗಿದ ಮೇಲೆ ರೆಕಾರ್ಡಿನ ಮೇಲೆ ಪೋಷಕರಿಗೆ ಎಚ್ಚರಿಕೆಯ ಚೀಟಿ ಅಂಟಿಸಲು ಕಂಪನಿಗಳು ಒಪ್ಪಿದವು. ಅಂಗಡಿಯಲ್ಲಿ ಯಾವ ಕ್ಯಾಸೆಟ್ ಮೊದಲು ಎತ್ತಿಕೊಳ್ಳಬೇಕು ಎಂಬ ಹುಡುಗರ ಗೊಂದಲವೂ ಬಗೆಹರಿಯಿತು.

ಹಾಗಾದರೆ ಅರ್ಥ ಸ್ಪಷ್ಟವಾಗಿದ್ದರೆ ತೊಂದರೆಯೇ ಇಲ್ಲ ಅನ್ನುತ್ತೀರಾ? ಆ ವಿಚಾರಣೆಗೆ ಸರಿಯಾಗಿ ಒಂದು ವರ್ಷ ಮುಂಚೆ, 1984ರ ಸೆಪ್ಟೆಂಬರ್ 19ರಂದು, ಅಧ್ಯಕ್ಷ ರೇಗನ್ ನ್ಯೂಜೆರ್ಸಿಯ ಹ್ಯಾಮಂಟನ್‌ನಲ್ಲಿ ಚುನಾವಣಾ ಭಾಷಣ ಮಾಡಿದರು. ಅಲ್ಲಿನವನೇ ಆದ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಹಾಡುಗಳಲ್ಲಿ ಭರವಸೆಯ ಸಂದೇಶವಿದೆ ಎಂದು ಹೊಗಳಿದರು. ಆ ವರ್ಷ ಸ್ಪ್ರಿಂಗ್‌ಸ್ಟೀನನ 'ಬಾರ್ನ್ ಇನ್ ದ ಯು.ಎಸ್.ಎ.' ಎಲ್ಲೆಲ್ಲೂ ಮೊಳಗುತ್ತಿತ್ತು. ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವನಿಗೆ ಊರಲ್ಲಿ ಕೆಲಸ ಸಿಗದ ಹಾಡು ಅದು. ಗಾಯಕ ಸ್ಪಷ್ಟವಾಗಿಯೇ ಹಾಡಿದ್ದಾನೆ. ಮೈಕೂ ಸರಿಯಿತ್ತು. ಜನ ಪಲ್ಲವಿ ಬಂದಾಗ ಬಾವುಟ ಬೀಸಿದರು, ಚರಣ ಬಂದಾಗ ಬಿಯರ್ ತರಲು ಹೋದರು.

ನೇರವಾಗಿ ಕೇಳಿದರೆ ಕೆಲಸ ಆಗುವುದಿಲ್ಲ ಎಂದು ಗೊತ್ತಾದ ಕೆಲವರು ಹಿಂದುಮುಂದಾಗಿ ಕೇಳಲು ಶುರುಮಾಡಿದರು. 1982ರಲ್ಲಿ ಕ್ಯಾಲಿಫೋರ್ನಿಯಾ ಶಾಸನಸಭೆಯ ಸಮಿತಿಯೊಂದು ಲೆಡ್ ಜೆಪ್ಪೆಲಿನ್ ಬ್ಯಾಂಡಿನ ಹಾಡನ್ನು ಉಲ್ಟಾ ಹಾಕಿಸಿ, ಸೈತಾನ ಏನಾದರೂ ಅಂದನೇ ಎಂದು ಕಿವಿಗೊಟ್ಟಿತು. ಮರುವರ್ಷ ಅರ್ಕಾನ್ಸಾದಲ್ಲಿ ಉಲ್ಟಾ ಸಂದೇಶವಿರುವ ರೆಕಾರ್ಡಿಗೆ ಎಚ್ಚರಿಕೆ ಚೀಟಿ ಬೇಕೆಂಬ ಮಸೂದೆ ಎರಡೂ ಸದನಗಳಲ್ಲಿ ಪಾಸಾಯಿತು. ಗವರ್ನರ್ ಬಿಲ್ ಕ್ಲಿಂಟನ್ ಸಹಿ ಹಾಕದೆ ವಾಪಸ್ ಕಳಿಸಿದರು. ಮಸೂದೆಯಲ್ಲಿ ಹೆಸರಿದ್ದ ಪಿಂಕ್ ಫ್ಲಾಯ್ಡ್ ಬ್ಯಾಂಡು 1979ರಲ್ಲೇ ನಿಜವಾಗಿ ಒಂದು ಉಲ್ಟಾ ಸಂದೇಶ ಇಟ್ಟಿತ್ತು. ರಹಸ್ಯ ಸಂದೇಶ ಪತ್ತೆ ಮಾಡಿದ್ದಕ್ಕೆ ಅಭಿನಂದನೆಗಳು, ಉತ್ತರವನ್ನು ಹುಚ್ಚಾಸ್ಪತ್ರೆಯ ವಿಳಾಸಕ್ಕೆ ಕಳಿಸಿ ಎಂಬುದು ಅದರ ಸಾರಾಂಶ.

ನಮ್ಮ ಕಡೆ ಇದೆಲ್ಲ ನಡೆಯುವುದಿಲ್ಲ. ಶಿಶುನಾಳ ಶರೀಫರು ಗುಡುಗುಡಿ ಸೇದು ಎಂದು ನೇರವಾಗಿಯೇ ಹೇಳಿದ್ದಾರೆ. ರಘು ದೀಕ್ಷಿತ್ ಅದನ್ನು ಗಿಟಾರು, ಡ್ರಮ್ಮು ಹಾಕಿ ಹಾಡಿದಾಗ ಸಭೆಯೆಲ್ಲ ಕುಣಿಯುತ್ತದೆ. ಪಕ್ಕದಲ್ಲಿ ಕೂತವರು ಗುಡುಗುಡಿ ಅಂದರೆ ದೇಹ ಕಣಪ್ಪಾ ಎಂದು ವಿವರಿಸುತ್ತಾರೆ. ಅಲ್ಲಿ ಉಲ್ಕೆ ನೋಡಿದವನು ಗಾಂಜಾಕ್ಕೆ ಸಿಕ್ಕಿಬಿದ್ದ, ಇಲ್ಲಿ ಹುಕ್ಕಾ ಸೇದಿದರೂ ಮೋಕ್ಷ. ಎಫ್‌ಬಿಐನವರು ಒಮ್ಮೆ ಶಿಶುನಾಳಕ್ಕೆ ಬಂದು ಹೋಗಬೇಕಿತ್ತು.

ಇವೆಲ್ಲ ಹಳೇ ಕತೆ, ಈಗ ಜನಕ್ಕೆ ಬುದ್ಧಿ ಬಂದಿದೆ ಅಂದುಕೊಂಡರೆ 2005ಕ್ಕೆ ಬನ್ನಿ. ಮಿಷಿಗನ್‌ನ ಬೆಂಟನ್ ಹಾರ್ಬರ್‌ನಲ್ಲಿ ಶಾಲಾ ಮಕ್ಕಳ ಬ್ಯಾಂಡೊಂದು ಮೆರವಣಿಗೆಗೆ 'ಲೂಯಿ ಲೂಯಿ' ಅಭ್ಯಾಸ ಮಾಡಿತ್ತು. ಹಾಡು ಸರಿಯಿಲ್ಲ ಎಂದು ಶಾಲೆಗಳ ಮೇಲಧಿಕಾರಿ ತಡೆದರು. ಮಕ್ಕಳು ಹಾಡುವವರೇ ಅಲ್ಲ, ವಾದ್ಯ ಮಾತ್ರ ನುಡಿಸುವವರು. ಬಾಯಿ ಇರುವುದು ಊದಲಿಕ್ಕೆ. ಪೋಷಕರು ಮಕ್ಕಳ ಪರ ನಿಂತ ಮೇಲೆ ಅಪ್ಪಣೆ ಸಿಕ್ಕಿತು. ಅಪ್ಪಣೆ ಕೊಡುವ ಮೊದಲು ಆ ಅಧಿಕಾರಿಯನ್ನು ಒಂದು ಮಾತು ಕೇಳಬೇಕಿತ್ತು: ತುತ್ತೂರಿಯಲ್ಲಿ ಹೊಲಸಾಗಿ ಊದುವುದು ಹೇಗೆ, ಸ್ವಲ್ಪ ಊದಿ ತೋರಿಸ್ತೀರಾ?